ಸಾಕು ಎನ್ನುವವನ ಕೆಲಸ

"ಗುರುಗಳೇ, ರಕ್ತದೊತ್ತಡ ಏರಿಸುವ ರಾಸಾಯನಿಕವೂ ಮಿದುಳಿನಲ್ಲಿದೆ, ತಗ್ಗಿಸುವುದೂ ಇದೆ ಎನ್ನುತ್ತಾರೆ ವೈದ್ಯರು. ಏರಿಸುವುದರ ಕೆಲಸ ನನಗೆ ಗೊತ್ತು. ಸಿಟ್ಟು ಬಂದರೆ ಎದೆ ಡವಡವ ಎನ್ನುತ್ತದೆ. ತಗ್ಗಿಸುವುದು ಏನು ಮಾಡುತ್ತದೆ? ಒಂದು ದಿನವೂ ಕಂಡಿಲ್ಲ" ಎಂದ ಶಿಷ್ಯ. ಅವನಿಗೆ ಐವತ್ತು ವರ್ಷ. ಕೋಪ ಮೂಗಿನ ತುದಿಯಲ್ಲೇ. ಒತ್ತಡಕ್ಕೆ ವೈದ್ಯರು ದಿನಕ್ಕೊಂದು ಮಾತ್ರೆ ಬರೆದಿದ್ದರು.

ಗುರು ಹೇಳಿದರು:

ಒಬ್ಬ ಗೌಡನಿಗೆ ಆಲೆಮನೆಯಿತ್ತು. ಮಗಳ ಮದುವೆ ಹತ್ತಿರ ಬಂದಿತ್ತು. ಹೋಳಿಗೆಗೆ ಬೇಕಾದ ಬೆಲ್ಲವೆಲ್ಲ ಆ ವಾರವೇ ಆಗಬೇಕಿತ್ತು. ಅಲ್ಲಿ ಇಬ್ಬರು ಆಳುಗಳು. ಒಬ್ಬ ಒಲೆಗೆ ಕಬ್ಬಿನ ಸಿಪ್ಪೆ ತುರುಕುತ್ತಿದ್ದ. ಮೈಯೆಲ್ಲ ಬೆವರು. ಇನ್ನೊಬ್ಬ ಕೊಪ್ಪರಿಗೆಯ ಪಕ್ಕ ಕೂತು ಕುದಿಯುವ ಕಬ್ಬಿನ ಹಾಲನ್ನು ನೋಡುತ್ತಿದ್ದ. ನೊರೆ ಅಂಚಿಗೆ ಬಂದರೆ ಎರಡು ಹನಿ ಹರಳೆಣ್ಣೆ ಚಿಮುಕಿಸಿ ಒಲೆಯವನಿಗೆ "ಸಾಕು" ಎನ್ನುತ್ತಿದ್ದ. ಕುದಿ ಇಳಿದರೆ "ಹಾಕು" ಎನ್ನುತ್ತಿದ್ದ. ಅಷ್ಟೇ.

ಹೀಗೆ ಕೂತವನನ್ನು ಕಂಡು ಗೌಡನಿಗೆ ಮೈ ಉರಿಯಿತು.

"ಏನಯ್ಯ ನಿನ್ನ ಕೆಲಸ?"

"ಉಕ್ಕದಂಗೆ ನೋಡ್ಕೊಳ್ಳೋದು, ಗೌಡ್ರೆ."

"ಇದುವರ್ಗೂ ಎಷ್ಟು ಸಲ ಉಕ್ಕೈತೆ?"

"ಒಂದ್ಸಲಾನೂ ಇಲ್ಲ."

"ಉಕ್ಕದೇ ಇರೋ ಕೊಪ್ಪರಿಗೇಗೆ ಕಾವಲು ಯಾಕೆ? ನಡಿ ಮನೆಗೆ!"

ಅವನು ಹೋದ ಮೇಲಿನ ಮೊದಲ ಕೊಪ್ಪರಿಗೆಗೇ ಒಲೆಯವನು ತುರುಕಿದ್ದೇ ತುರುಕಿದ್ದು. ಒಲೆಯ ಬಾಯಿಗೆ ಬಗ್ಗಿದವನಿಗೆ ಮೇಲಿನ ಕೊಪ್ಪರಿಗೆ ಕಾಣುವುದಿಲ್ಲ. ನೊರೆ ಎದ್ದಿತು. ಗೌಡ "ಅಯ್ಯಯ್ಯೋ" ಎಂದು ಕಿರುಚಿದ. ಹತ್ತು ವರ್ಷದಿಂದ ಒಲೆಯವನು ಕೇಳಿದ್ದು ಎರಡೇ ಮಾತು. ಅಯ್ಯಯ್ಯೋ ಎಂಬುದು ಅವೆರಡರಲ್ಲಿ ಯಾವುದೂ ಅಲ್ಲವಾದ್ದರಿಂದ ಇನ್ನೊಂದು ಹೊರೆ ತುರುಕಿದ. ಹಾಲೆಲ್ಲ ಉಕ್ಕಿ ಒಲೆಗೆ ಹೋಯಿತು. ಗೌಡ ಪಂಚೆ ಎತ್ತಿ ನೆಗೆಯದಿದ್ದರೆ ಅವನೂ ಬೆಲ್ಲವಾಗುತ್ತಿದ್ದ.

ಬರಿಗಾಲಿನಲ್ಲೇ ಊರ ಕಡೆ ಓಡಿದ. ಹಳೆಯ ಆಳು ದಾರಿಯ ಮೋರಿಕಟ್ಟೆಯ ಮೇಲೆ ಆರಾಮವಾಗಿ ಕೂತಿದ್ದ.

"ಮನೆಗೆ ಹೋಗ್ಲಿಲ್ವೇನಪ್ಪಾ?" ಗೌಡನ ದನಿ ಈಗ ಜೇನು.

"ಮೊದಲ್ನೇ ಕೊಪ್ಪರಿಗೆ ಉಕ್ಕೋಕೆ ಇಷ್ಟೊತ್ತು ಬೇಕು, ಗೌಡ್ರೆ. ಅಷ್ಟಕ್ಕೆ ಮನೇಗೆ ಹೋಗಿ ಬರೋದ್ಯಾಕೆ ಅಂತ ಕೂತೆ."

ಕತೆ ಮುಗಿಯಿತು. ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮಿದುಳಿನಲ್ಲೂ ಇಬ್ಬರು ಬೇಕು" ಎಂದರು ಗುರು. "ಒಬ್ಬ ಹೃದಯಕ್ಕೆ ಜೋರಾಗಿ ಬಡಿ ಎನ್ನುತ್ತಾನೆ, ನಾಳಗಳಿಗೆ ಬಿಗಿ ಎನ್ನುತ್ತಾನೆ. ಅವನಿಲ್ಲದಿದ್ದರೆ ನೀನು ಚಾಪೆಯಿಂದ ಏಳುವಾಗಲೇ ತಲೆ ತಿರುಗಿ ಬೀಳುತ್ತೀಯ. ಇನ್ನೊಬ್ಬ ಸಾಕು ಎನ್ನುತ್ತಾನೆ. ಅವನ ದನಿ ಸೋತಾಗ ವೈದ್ಯರು ಮಾತ್ರೆ ಕೊಟ್ಟು ದನಿಗೂಡಿಸುತ್ತಾರೆ."

"ಎಂಥ ದಡ್ಡ ಆ ಗೌಡ!" ಎಂದ ಶಿಷ್ಯ, ಕಣ್ಣೊರೆಸಿಕೊಳ್ಳುತ್ತಾ. "ನನಗಂತೂ ಈಗ ಒತ್ತಡ ಸರಿಯಾಗಿಯೇ ಇದೆ."

ಗುರು ಹೇಳಿದರು: "ಒಂದು ವಾರದಿಂದ ನೀನು ನಿನ್ನ ಮಾತ್ರೆ ನುಂಗದೆ ಬುಡಕ್ಕೆ ಹಾಕುತ್ತಿರುವ ನಮ್ಮ ತುಳಸಿ ಗಿಡದ ಒತ್ತಡವೂ ಸರಿಯಾಗಿಯೇ ಇದೆ."