ಅಹಲ್ಯಾಬಾಯಿಯ ದಿಂಬಿನ ಗವಸು

"ಗುರುಗಳೇ," ಎಂದು ಶಿಷ್ಯ ಕೇಳಿದ, "ಸುಳ್ಳು ಹೇಳುವುದು ತಪ್ಪು ಎಂದಿರಿ. ಗೊತ್ತಿದ್ದದ್ದನ್ನು ಹೇಳದೆ ಸುಮ್ಮನಿರುವುದೂ ತಪ್ಪೇ?"

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ರೈಲು ನಿಲ್ಲುವ ಒಂದು ಸಣ್ಣ ಪೇಟೆಯಲ್ಲಿ ಅಹಲ್ಯಾಬಾಯಿ ಎಂಬ ಹೆಂಗಸಿದ್ದಳು. ದಿಂಬಿನ ಗವಸು ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರು ಆ ಕಡೆ ಯಾರೂ ಇರಲಿಲ್ಲ. ಅವಳದು ಟುನೀಸಿಯನ್ ಕ್ರೋಶಾ, ಕೊಕ್ಕೆಯ ಕಡ್ಡಿಯಿಂದ ಉಲ್ಲನ್ ಹೆಣೆಯುವ ಒಂದು ಬಗೆ. ಸಾಧಾರಣ ಕ್ರೋಶಾದಲ್ಲಿ ಕಡ್ಡಿ ಗಿಡ್ಡ, ಅದರ ಮೇಲೆ ಉಳಿಯುವುದು ಒಂದೇ ಕುಣಿಕೆ. ಇದರಲ್ಲಿ ಕಡ್ಡಿ ಮೊಳದುದ್ದ. ಹೋಗುವಾಗ ಸಾಲಿನ ಅಷ್ಟೂ ಕುಣಿಕೆಗಳನ್ನು ಕಡ್ಡಿಯ ಮೇಲೆ ಹೊತ್ತುಕೊಂಡು ಹೋಗಬೇಕು. ಬರುವಾಗ ಒಂದೊಂದನ್ನೇ ಇಳಿಸುತ್ತ ಬರಬೇಕು. ಹೀಗೆ ಹೆಣೆದ ಬಟ್ಟೆ ದಪ್ಪವಾಗಿ, ಚೌಕುಳಿ ಚೌಕುಳಿಯಾಗಿ ಬರುತ್ತದೆ. ಆ ಚೌಕುಳಿಗಳ ಮೇಲೆ ಸೂಜಿಯಿಂದ ನವಿಲನ್ನೋ ಹೂಬಳ್ಳಿಯನ್ನೋ ತುಂಬಬಹುದು. ಮದುವೆಯ ಮನೆಯಲ್ಲಿ ಬೀಗರನ್ನು ಕೂರಿಸುವಾಗ ಬೆನ್ನಿಗೆ ಅಹಲ್ಯಾಬಾಯಿಯ ದಿಂಬು ಇರಬೇಕು ಎನ್ನುವಷ್ಟು ಅವಳ ಹೆಸರು ಬೆಳೆದಿತ್ತು.

ಈ ವಿದ್ಯೆಯನ್ನು ಅವಳಿಗೆ ಕಲಿಸಿದವರು ಶಾಲೆಯ ಒಬ್ಬ ಮುದಿ ಟೀಚರಮ್ಮ. ಅವರು ಏನನ್ನೂ ಬಚ್ಚಿಟ್ಟಿರಲಿಲ್ಲ.

ಅಹಲ್ಯಾಬಾಯಿಯ ಮೈದುನ ಜ್ವರದಲ್ಲಿ ತೀರಿಕೊಂಡ. ಅವನ ಹೆಂಡತಿ ಮಂದಾಕಿನಿ, ಮೂರು ವರ್ಷದ ಮಗಳು ವತ್ಸಲೆಯೊಂದಿಗೆ ಅದೇ ಮನೆಯಲ್ಲಿ ಉಳಿದಳು. ಯಾರೂ ಅವಳನ್ನು ಬೇಡವೆನ್ನಲಿಲ್ಲ. ಆದರೂ ತಟ್ಟೆಯ ಮುಂದೆ ಕುಳಿತಾಗ ಅವಳು ಎರಡನೆಯ ಸಲ ಬಡಿಸಿಕೊಳ್ಳುವುದನ್ನು ಬಿಟ್ಟಿದ್ದಳು.

ಆ ವರ್ಷ ಪೇಟೆಯ ಹೆಣ್ಣುಮಕ್ಕಳ ಶಾಲೆಗೆ ಹೊಲಿಗೆ ಹೆಣಿಗೆ ಕಲಿಸುವವರು ಬೇಕಾದರು. ಸ್ವಂತ ಕೈಯಿಂದ ಮಾಡಿದ ಒಂದು ದಿಂಬಿನ ಗವಸನ್ನು ತಂದು ತೋರಿಸಬೇಕು ಎಂದು ಹೆಡ್‌ಮಿಸ್ಟ್ರೆಸ್ಸು ಹೇಳಿ ಕಳಿಸಿದರು. ಮಂದಾಕಿನಿ ಓರಗಿತ್ತಿಯ ಮುಂದೆ ಬಂದು ಕುಳಿತಳು.

"ಅಕ್ಕ, ನನಗೆ ಕಲಿಸುತ್ತೀರಾ? ಈ ಕೆಲಸವೊಂದು ಸಿಕ್ಕರೆ ನಾನೂ ನನ್ನ ಮಗಳೂ ತಲೆಯೆತ್ತಿ ಬದುಕುತ್ತೇವೆ."

ಅಹಲ್ಯಾಬಾಯಿ ಕಲಿಸಿದಳು. ಮನಸ್ಸಿಟ್ಟೇ ಕಲಿಸಿದಳು. ಸರಪಳಿ ಹಾಕುವುದು, ಕುಣಿಕೆ ಎತ್ತುವುದು, ಸಾಲಿನ ಕೊನೆಯ ಕುಣಿಕೆ ತಪ್ಪದಂತೆ ನೋಡಿಕೊಳ್ಳುವುದು, ಎಲ್ಲವನ್ನೂ ಕೈ ಹಿಡಿದು ತೋರಿಸಿದಳು. ಒಂದು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಮಂದಾಕಿನಿಯ ಹೆಣಿಗೆಯನ್ನು ಮಡಿಲಲ್ಲಿ ಹರಡಿಕೊಂಡು ಅಹಲ್ಯಾಬಾಯಿ ನೋಡಿದಳು. ಸಾಲುಗಳು ತನ್ನವಕ್ಕಿಂತ ಸಮವಾಗಿದ್ದವು. ಕಡು ಹಸಿರು ಉಲ್ಲನ್ನಿನ ಮೇಲೆ ಮಂದಾಕಿನಿ ಎರಡು ಗಿಳಿಗಳನ್ನು ತುಂಬಿದ್ದಳು. ಆ ಗಿಳಿಗಳು ಈಗಲೋ ಆಗಲೋ ಹಾರುವಂತಿದ್ದವು.

ಆದರೆ ಬಟ್ಟೆಯ ನಾಲ್ಕು ಅಂಚುಗಳೂ ಸುರುಳಿ ಸುತ್ತಿಕೊಂಡಿದ್ದವು.

"ಅಕ್ಕ, ಇದೇಕೆ ಹೀಗೆ? ಎಷ್ಟು ಒತ್ತಿದರೂ ಮತ್ತೆ ಸುತ್ತಿಕೊಳ್ಳುತ್ತದೆ."

ಈ ಹೆಣಿಗೆಯ ಗುಣವೇ ಅದು. ಎಂಥ ಕೈಯಲ್ಲಿ ಹೆಣೆದರೂ ಸುತ್ತಿಕೊಳ್ಳುತ್ತದೆ. ಹೆಣೆದು ಮುಗಿದ ಮೇಲೆ ಬಟ್ಟೆಯನ್ನು ಒದ್ದೆ ಮಾಡಿ, ಹಾಸಿಗೆಯ ಮೇಲೆ ನಾಲ್ಕೂ ಬದಿ ಎಳೆದು, ಬೆರಳಗಲಕ್ಕೊಂದರಂತೆ ಗುಂಡುಸೂಜಿ ಚುಚ್ಚಿ, ಪೂರ್ತಿ ಒಣಗುವ ತನಕ ಬಿಡಬೇಕು. ಅಷ್ಟೇ. ಅಹಲ್ಯಾಬಾಯಿ ಆ ಕೆಲಸವನ್ನು ತನ್ನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು ಮಾಡುತ್ತಿದ್ದಳು. ಮನೆಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ.

ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಮದುವೆಯ ಮನೆಯವರು ಬಾಗಿಲಿಗೆ ಬಂದು "ಮಂದಾಕಿನಿಯವರು ಇದ್ದಾರಾ?" ಎಂದು ಕೇಳುವುದು ಅವಳ ಕಿವಿಗೆ ಬಿದ್ದಂತಾಯಿತು. ಅವಳು ಬಟ್ಟೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟಳು.

"ಕೈ ಇನ್ನೂ ಪಳಗಬೇಕು," ಎಂದಳು.

ಅದು ಸುಳ್ಳೇನಲ್ಲ. ಯಾರ ಕೈಯಾದರೂ ಪಳಗಬೇಕಾದದ್ದೇ.

ಮಂದಾಕಿನಿ ಅಷ್ಟನ್ನೂ ಬಿಚ್ಚಿ ಮತ್ತೆ ಹೆಣೆದಳು. ಮತ್ತೆ ಸುತ್ತಿಕೊಂಡಿತು. ಮತ್ತೆ ಬಿಚ್ಚಿದಳು. ಮೂರನೆಯ ಸಲ ಗಿಳಿಗಳನ್ನು ತುಂಬುವಾಗ ಅವಳು ಒಂದೇ ರೆಕ್ಕೆಯನ್ನು ಮತ್ತೆ ಮತ್ತೆ ಬಿಚ್ಚಿ ತುಂಬುತ್ತಿದ್ದುದನ್ನು ಅಹಲ್ಯಾಬಾಯಿ ಕಂಡಳು. ಕಂಡೂ ಅಕ್ಕಿ ಆರಿಸುತ್ತ ಕುಳಿತಳು.

ಶಾಲೆಗೆ ಇಬ್ಬರೂ ಹೋದರು. ಹೆಡ್‌ಮಿಸ್ಟ್ರೆಸ್ಸು ಗವಸಿಗಾಗಿ ಹೆಣೆದ ಬಟ್ಟೆಯನ್ನು ಮೇಜಿನ ಮೇಲಿಟ್ಟು ಅಂಚನ್ನು ಅಂಗೈಯಿಂದ ಒತ್ತಿದರು. ಕೈ ತೆಗೆದರು. ಅಂಚು ಒಣಗಿದ ಎಲೆಯಂತೆ ಮೆಲ್ಲಗೆ ಸುತ್ತಿಕೊಂಡಿತು. ಅವರು ಮತ್ತೊಮ್ಮೆ ಒತ್ತಿದರು. ಅದು ಮತ್ತೆ ಸುತ್ತಿಕೊಂಡಿತು.

"ಗಿಳಿಗಳು ಚೆನ್ನಾಗಿವೆಯಮ್ಮ. ಆದರೆ ಬಟ್ಟೆ ನಿಲ್ಲುತ್ತಿಲ್ಲವಲ್ಲ," ಎಂದರು.

ಅಹಲ್ಯಾಬಾಯಿ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದಳು. ಆಗಲೂ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕೆಲಸ ಬೇರೆ ಊರಿನ ಒಬ್ಬಳಿಗೆ ಹೋಯಿತು. ಅವಳಿಗೆ ಈ ಹೆಣಿಗೆಯೇ ಬರುತ್ತಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಮಂದಾಕಿನಿ ಅಳಲಿಲ್ಲ. ಬಾಗಿಲ ಹತ್ತಿರ ನಿಂತು ಹೇಳಿದಳು: "ನೀವು ಎಲ್ಲ ಹೇಳಿಕೊಟ್ಟಿರಿ ಅಕ್ಕ. ನನ್ನ ಕೈಯೇ ಸರಿಯಿಲ್ಲ."

ಆ ಮಾತು ಕೇಳಿದ ಕೂಡಲೇ ಅಹಲ್ಯಾಬಾಯಿಯ ಮನಸ್ಸು ಹಗುರವಾಯಿತು. ಹಗುರವಾದದ್ದು ಅವಳಿಗೂ ತಿಳಿಯಿತು.

ಮಂದಾಕಿನಿ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ಏಳು ವರ್ಷ ಬಡಿದಳು. ಬೆರಳ ತುದಿಗಳು ಹಂಚಿನ ಕಾವಿಗೆ ಸುಟ್ಟು ಕರಿಕಟ್ಟಿದವು. ಗಿಳಿಗಳಿದ್ದ ಆ ಹಸಿರು ಬಟ್ಟೆಯನ್ನು ಅವಳು ಒಲೆಯ ಮೇಲಿಂದ ಬಿಸಿ ಪಾತ್ರೆ ಇಳಿಸಲು ಬಳಸುತ್ತಿದ್ದಳು.

ಒಂದು ದಿನ ವತ್ಸಲೆ ತಾಯಿಯನ್ನು ಕೇಳಿದಳು: "ಅವ್ವ, ದೊಡ್ಡಮ್ಮನ ಹತ್ತಿರ ನಾನೂ ಹೆಣಿಗೆ ಕಲಿಯಲೇ?"

"ಬೇಡ ಮಗಳೇ," ಎಂದಳು ಮಂದಾಕಿನಿ. "ನಮ್ಮ ಕೈಗೆ ಒಗ್ಗುವುದಲ್ಲ ಅದು. ನನ್ನ ಕೈಯೇ ನಿನಗೂ ಬಂದಿದೆ."

ಪಕ್ಕದ ಕೋಣೆಯಲ್ಲಿದ್ದ ಅಹಲ್ಯಾಬಾಯಿಗೆ ಅದು ಕೇಳಿಸಿತು. ಅವಳ ಕೈಯಲ್ಲಿದ್ದ ಕಡ್ಡಿ ನಿಂತಿತು. ತಾನು ಒಬ್ಬಳಿಂದ ತಪ್ಪಿಸಿದ್ದು ಒಂದು ಕೆಲಸವನ್ನು ಮಾತ್ರ ಎಂದು ಏಳು ವರ್ಷ ಅವಳು ತಿಳಿದಿದ್ದಳು; ತಾಯಿ ಮಗಳಿಬ್ಬರಿಗೂ ತಮ್ಮ ಕೈಯ ಮೇಲಿನ ನಂಬಿಕೆಯೇ ಹೋಗಿತ್ತು.

ಅವಳು ಎದ್ದು ಅಡುಗೆಮನೆಗೆ ಹೋಗಿ ಆ ಮಸಿ ಹಿಡಿದ ಬಟ್ಟೆಯನ್ನು ತಂದಳು. ಸೀಗೆಪುಡಿಯಲ್ಲಿ ನೆನೆಸಿ ತೊಳೆದಳು. ಮಂದಾಕಿನಿಯನ್ನು ಕರೆದು ಎದುರಿಗೆ ಕೂರಿಸಿಕೊಂಡು, ಅವಳು ನೋಡುತ್ತಿರುವಾಗಲೇ ಹಾಸಿಗೆಯ ಮೇಲೆ ಎಳೆದು ಸೂಜಿ ಚುಚ್ಚಿದಳು. ಮರುದಿನ ಬಿಸಿಲೇರಿದ ಮೇಲೆ ಸೂಜಿಗಳನ್ನು ಒಂದೊಂದಾಗಿ ಕಿತ್ತಳು. ಬಟ್ಟೆ ಹಲಗೆಯ ಹಾಗೆ ನೆಟ್ಟಗೆ ಮಲಗಿತ್ತು. ಸುಟ್ಟ ಕಲೆಗಳ ನಡುವೆ ಒಂದು ಗಿಳಿ ಇನ್ನೂ ಇತ್ತು.

"ನೋಡು," ಎಂದಳು ಅಹಲ್ಯಾಬಾಯಿ. "ಇಷ್ಟೇ ಇದ್ದದ್ದು. ಇದನ್ನು ನಾನು ನಿನಗೆ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ನಿನ್ನ ಕೈ ನನ್ನ ಕೈಗಿಂತ ಚೆನ್ನಾಗಿತ್ತು."

ಮಂದಾಕಿನಿ ಆ ಬಟ್ಟೆಯ ಮೇಲೆ ಬಹಳ ಹೊತ್ತು ಕೈಯಾಡಿಸಿದಳು. ಆಮೇಲೆ ನಕ್ಕಳು.

"ನೀವು ಮುಟ್ಟಿದಿರಿ, ಅದಕ್ಕೇ ನೆಟ್ಟಗಾಯಿತು ಅಕ್ಕ. ನನಗೆ ಸಮಾಧಾನವಾಗಲೆಂದು ತಪ್ಪನ್ನೆಲ್ಲ ನಿಮ್ಮ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದೀರಿ. ಇಂಥ ದೊಡ್ಡ ಮನಸ್ಸು ಯಾರಿಗಿದ್ದೀತು?"

ಅಹಲ್ಯಾಬಾಯಿ ದೇವರ ಮೇಲೆ ಆಣೆಯಿಟ್ಟಳು. ಮಂದಾಕಿನಿಯ ಭುಜ ಹಿಡಿದು ಅಲುಗಾಡಿಸಿದಳು. ಮಂದಾಕಿನಿ ಬಗ್ಗಿ ಅವಳ ಕಾಲು ಮುಟ್ಟಿ ನಮಸ್ಕರಿಸಿದಳು. ಖಾನಾವಳಿಗೆ ಹೊತ್ತಾಯಿತೆಂದು ಸೆರಗು ಸಿಕ್ಕಿಸಿಕೊಂಡು ಹೊರಟಳು.

ಅಹಲ್ಯಾಬಾಯಿ ವತ್ಸಲೆಯನ್ನು ಕರೆದು ಉದ್ದನೆಯ ಕಡ್ಡಿಯನ್ನು ಅವಳ ಮುಂದೆ ಹಿಡಿದಳು. ಹುಡುಗಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ನನಗೆ ಬರುವುದಿಲ್ಲ ದೊಡ್ಡಮ್ಮ," ಎಂದಳು. ದನಿ ಥೇಟ್ ತಾಯಿಯದೇ.

ಅಹಲ್ಯಾಬಾಯಿ ಅಲ್ಲಿಂದ ಮುಂದೆ ಹನ್ನೊಂದು ವರ್ಷ ಬದುಕಿದಳು. ಅಷ್ಟು ವರ್ಷವೂ ಮಂದಾಕಿನಿ ಮನೆಗೆ ಬಂದವರಿಗೆಲ್ಲ ಓರಗಿತ್ತಿಯ ದೊಡ್ಡ ಮನಸ್ಸಿನ ವಿಷಯ ಹೇಳುತ್ತಿದ್ದಳು. ಅಹಲ್ಯಾಬಾಯಿ ಒಳಗೆ ಕುಳಿತು ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ನೆಲ ನೋಡುತ್ತ ಹೇಳಿದ: "ಅವಳು ಮಾಡಿದ್ದು ತಪ್ಪೇ ಸರಿ, ಗುರುಗಳೇ. ಆದರೆ ಎಲ್ಲ ಮೌನವೂ ಅಂಥದ್ದೇ ಆಗಬೇಕೆಂದಿಲ್ಲವಲ್ಲ?"

ಗುರುಗಳು ಕೇಳಿದರು: "ನೀನು ಯಾರಿಗೆ ಏನನ್ನು ಹೇಳದೆ ಇಲ್ಲಿಗೆ ಬಂದಿದ್ದೀಯೆ?"