ಬೆಣ್ಣೆ ಬಂದ ಮನೆಯ ಕಡೆಗೋಲು

ಆ ಕಾಲದ ಗುರುಗಳೆಂದರೆ ಗುರುಗಳು! ಹೊಳೆದಂಡೆಯ ಆಶ್ರಮದ ಮರುಳಸಿದ್ಧಜ್ಜ ನಾಡಿ ಹಿಡಿದರೆ ಸಾಕು, ರೋಗಿಯ ಮುತ್ತಾತ ತನ್ನ ಮದುವೆಯಲ್ಲಿ ಎಷ್ಟು ಹೋಳಿಗೆ ತಿಂದಿದ್ದನೆಂದು ಹೇಳಿಬಿಡುತ್ತಿದ್ದರು. ಹೊಳೆಯ ಮೀನುಗಳೂ ದಡಕ್ಕೆ ಬಂದು ಪರೀಕ್ಷೆಗೆಂದು ಅವರಿಗೆ ನಾಲಿಗೆ ಚಾಚುತ್ತಿದ್ದವು. ಸುಳ್ಳಲ್ಲ!

ಅವರ ಶಿಷ್ಯ ಕೊಟ್ರಯ್ಯ ಅಂದು ರೊಟ್ಟಿಯ ಮುಂದೆ ಕೂತೇ ಓಲೆ ತಿರುವುತ್ತಿದ್ದ. ಮರುದಿನ ವೈದ್ಯರ ಸಭೆ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಅವನೂ ವೈದ್ಯ. ತಪ್ಪಿದರೆ ಹನ್ನೆರಡು ವರ್ಷದ ಕಲಿಕೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

"ಅಜ್ಜಾರೆ, ರಕ್ತದಲ್ಲಿ ಕಾವಲು ಕಾಯೋ ಬಿಳಿ ಕಣಗಳು ತಮಗೆ ಬೇಕಾದ ಕೊಲೆಸ್ಟ್ರಾಲ್ ತಾವೇ ಮಾಡ್ಕೊಳ್ತಾವೆ ಅಂದ್ರಿ. ಆದ್ರೆ ಒಮ್ಮೆ ಮಾಡ್ತಾವೆ, ಒಮ್ಮೆ ಕೈಕಟ್ಟಿ ಕೂರ್ತಾವೆ. ಯಾಕೆ? ನಾಳೆ ಕೇಳೋದು ಇದನ್ನೇ."

"ನೀನೇ ಹೇಳು."

"ನೀವು ಹೇಳಿದ್ರೆ ಬರಕೊಳ್ತೀನಿ."

"ಹನ್ನೆರಡು ವರ್ಷ ಅದನ್ನೇ ಮಾಡಿದ್ಯಲ್ಲೋ ಮಾರಾಯ!"

ಅಜ್ಜ ಎದ್ದು ನೆಲುವಿನಿಂದ ಬೆಣ್ಣೆಯ ಗಡಿಗೆ ಇಳಿಸಿದರು. ಹಟ್ಟಿಯ ಗೌರಮ್ಮ ಮೂರು ತಿಂಗಳಿಂದ ತಪ್ಪದೆ ಕಳಿಸುತ್ತಿದ್ದ ಬೆಣ್ಣೆ. ಅದನ್ನು ದಡದಲ್ಲಿದ್ದ ದೋಣಿಯವನ ಕೈಗಿಟ್ಟು, "ಆಚೆ ದಡದವರಿಗೆ ಹಂಚಿಬಿಡಪ್ಪ" ಎಂದರು.

"ಅಯ್ಯೋ, ರೊಟ್ಟಿಗೆ?"

"ಮೊಸರು ಐತಲ್ಲ."

ಕೊಟ್ರಯ್ಯ ಗೊಣಗುತ್ತ ಕಡೆಗೋಲು ಹುಡುಕಿದ. ಅಟ್ಟದ ಮೇಲೆ ಜೇಡ ಅದಕ್ಕೆ ಬಲೆ ಹೆಣೆದಿತ್ತು. ತೊಳೆದು, ಹಗ್ಗ ಸುತ್ತಿ, ಕಡೆಯಲು ಕುಳಿತ.

ಸರ್ರ್, ಬರ್ರ್.

ಅವ್ವ ನೆನಪಾದಳು. ಬೆಳಗಿನ ಬಿಸಿಲು, ಅವಳ ಬಳೆಯ ಸದ್ದು, ಬೆರಳ ತುದಿಯಲ್ಲಿ ಬಾಯಿಗಿಡುತ್ತಿದ್ದ ಬೆಣ್ಣೆ. ಆ ರುಚಿ ಮತ್ತೆಲ್ಲೂ ಸಿಕ್ಕಿರಲಿಲ್ಲ. ಸೋದರತ್ತೆ ಬೆಣ್ಣೆಯ ಗಡಿಗೆ ಕಳಿಸಿದ ವಾರ ಮಾತ್ರ ಅವ್ವ ಕಡೆಯುತ್ತಿರಲಿಲ್ಲ. ಮನೆ ಮೌನವಾಗಿರುತ್ತಿತ್ತು. ಗಡಿಗೆ ಬರಿದಾದ ಮರುದಿನವೇ ಮತ್ತೆ ಬಳೆಯ ಸದ್ದು.

ಹಗ್ಗ ನಿಂತಿತು.

"ಅಜ್ಜಾರೆ! ಬಿಳಿ ಕಣದ ಒಳಗೂ ಒಂದು ಕಡೆಗೋಲು ಐತೆ! ರಕ್ತದಲ್ಲಿ ಕೊಬ್ಬು ಹೊರೋ ಲಿಪೊಪ್ರೋಟೀನುಗಳೇ ಅದನ್ನ ಆಡಿಸೋದು. ಅದ್ರಲ್ಲಿ ಎಲ್‌ಡಿಎಲ್ ಬಾಗಿಲಿಗೇ ಕೊಲೆಸ್ಟ್ರಾಲ್ ತಂದುಕೊಟ್ರೆ ಕಣ ಕಡೆಯೋದು ಬಿಡ್ತದೆ. ಎಚ್‌ಡಿಎಲ್ ಬಂದು ಆ ಕೊಲೆಸ್ಟ್ರಾಲ್ ಹೊತ್ಕೊಂಡು ಹೋದ್ರೆ ಮತ್ತೆ ಕಡೆಯೋಕೆ ಕೂರ್ತದೆ. ಸರಿಯೇನ್ರಿ?"

ಅಜ್ಜ ಕಂಬಳಿ ಹೆಗಲಿಗೇರಿಸಿ ಮೆಟ್ಟು ಮೆಟ್ಟಿಕೊಂಡರು.

"ಎಲ್ಲಿಗೆ ಹೊರಟ್ರಿ ಅಜ್ಜಾರೆ? ನಾಳೆ ನನ್ನ ಸಭೆ!"

"ಅದಕ್ಕೇ ಹೊರಟೆ. ಬೆಣ್ಣೆಯ ಗಡಿಗೆ ಎದುರಿಗಿದ್ರೆ ನೀನು ಕಡೆಗೋಲು ಮುಟ್ಟೋದಿಲ್ಲ."