ಎಂಬತ್ತೆಂಟು ಮನೆಗಳ ಪಿಯಾನೊ

ತನ್ನಲ್ಲಿಲ್ಲದ ಸ್ವರ ಲೋಕದಲ್ಲೇ ಇಲ್ಲವೆಂದು ಪಿಯಾನೊ ನಂಬಿತ್ತು. ಬೆರಳಿಟ್ಟು ಒತ್ತುವ ಕಪ್ಪು ಬಿಳಿ ಮನೆಗಳು ಅದಕ್ಕೆ ಎಂಬತ್ತೆಂಟು, ಒಂದು ಮನೆಗೆ ಒಂದೇ ಸ್ವರ. ಒಂದು ಸಂಜೆ ಬ್ಲೂಸ್ ಎಂಬ ಅಳಲಿನ ಹಾಡುಗಳ ಕಛೇರಿಯಲ್ಲಿ ಗಿಟಾರ್ ತನ್ನ ತಂತಿಯನ್ನು ಓರೆಗೆ ಎಳೆಸಿಕೊಂಡು ನರಳಿತು. ಕೇಳಿದವರ ಕಣ್ಣು ತುಂಬಿ ಬಂತು.

"ಈ ಸ್ವರ ನಿನಗೆ ಬಾರದಿದ್ದರೆ ನಾಳೆ ನಿನ್ನ ಜಾಗ ಉಗ್ರಾಣ," ಎಂದ ಪಿಯಾನೊ ನುಡಿಸುವ ಲಿಗೋರಿ.

ಪಿಯಾನೊ ಕಂಗಾಲಾಯಿತು. "ಅದು ಯಾರ ಸ್ವರವಪ್ಪಾ?"

"ನನಗಿಂತ ತುಸು ಮೇಲಿನದು," ಎಂದಿತು ಒಂದು ಕಪ್ಪು ಮನೆ.

"ನನಗಿಂತ ತುಸು ಕೆಳಗಿನದು," ಎಂದಿತು ಅದರ ಪಕ್ಕದ ಬಿಳಿ ಮನೆ.

"ನಿಮ್ಮಿಬ್ಬರ ನಡುವೆ ಕೂದಲು ತೂರುವಷ್ಟೂ ಜಾಗವಿಲ್ಲವಲ್ಲ!"

ಅಷ್ಟರಲ್ಲಿ ಲಿಗೋರಿ ಆ ಎರಡನ್ನೂ ಒಟ್ಟಿಗೇ ಕುಟ್ಟಿದ. ಕಪ್ಪೂ ಬಿಳಿಯೂ ಹಾವು ಮುಂಗುಸಿಯಂತೆ ಕಚ್ಚಾಡಿದವು. ಸಭೆ ಮತ್ತೊಮ್ಮೆ ಕಣ್ಣೊರೆಸಿಕೊಂಡಿತು.

"ಬಂತು! ಹಾಡಿದವರು ಯಾರು?" ಎಂದು ಪಿಯಾನೊ ಕೂಗಿತು.

"ನಾನಲ್ಲ," ಎಂದಿತು ಕಪ್ಪು.

"ನಾನೂ ಅಲ್ಲ," ಎಂದಿತು ಬಿಳಿ.

ಪಿಯಾನೊ ತನ್ನ ಮನೆಗಳನ್ನು ಮೊದಲಿನಿಂದ ಎಣಿಸಿತು. ಎಂಬತ್ತೆಂಟು. ಲೆಕ್ಕ ಸರಿಯಾಗಿಯೇ ಇತ್ತು. ಅದು ಬೆವರಿದ್ದು ಅದಕ್ಕೇ.